ಹ್ಯಾಂಡಲ್ ಹೊಡೆಯುವ ಮೊದಲು ಇಷ್ಟು ಕೇಳು

ತಮ್ಮಾ, ಗ್ರೂಪಿನಲ್ಲಿ ನೀನು ಹಾಕಿದ ವಾಯ್ಸ್ ಮೆಸೇಜ್ ಈಗ ಕೇಳಿದೆ. ದೋಣಿಯದು ಹಳೆಯ ಎರಡು ಸಿಲಿಂಡರ್ ಡೀಸೆಲ್ ಎಂಜಿನ್, ಬ್ಯಾಟರಿ ಸತ್ತಿದೆ, ಹ್ಯಾಂಡಲ್ ಹಾಕಿದರೆ ಅರ್ಧ ಸುತ್ತಿಗೇ ನಿಲ್ಲುತ್ತದೆ, ಬಲ ಇರುವ ಇನ್ನೊಬ್ಬರನ್ನು ಕರೆಯಲಾ ಅಂತ ಕೇಳಿದ್ದೀಯ. ಬೇಡ. ಇದು ತೋಳಿನ ಕೆಲಸ ಅಲ್ಲ, ಫ್ಲೈವೀಲಿನ, ಅಂದರೆ ಎಂಜಿನ್ ಜೊತೆ ತಿರುಗುವ ಆ ಭಾರದ ಚಕ್ರದ ಕೆಲಸ.

ಡೀಸೆಲ್‌ಗೆ ಸ್ಪಾರ್ಕ್ ಇಲ್ಲ ಅಲ್ವಾ. ಗಾಳಿಯನ್ನು 16ರಿಂದ 22 ಪಟ್ಟು ಒತ್ತಿದಾಗ ಏಳುವ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳಬೇಕು. ನಿಧಾನ ತಿರುಗಿಸಿದರೆ ಆ ಬಿಸಿ ಸಿಲಿಂಡರ್ ಗೋಡೆಗೆ ಹೋಗುತ್ತದೆ, ಗಾಳಿ ಪಿಸ್ಟನ್ ಸುತ್ತಲಿನ ರಿಂಗಿನ ಸಂದಿಯಲ್ಲಿ ಸೋರುತ್ತದೆ. ಅದಕ್ಕೇ ಮೇಲೆ ಡಿಕಂಪ್ರೆಷನ್ ಲಿವರ್ ಇಟ್ಟಿರುವುದು. ಅದು ವಾಲ್ವನ್ನು ಸ್ವಲ್ಪ ಎತ್ತಿ ಹಿಡಿಯುತ್ತದೆ, ಆಗ ಫ್ಲೈವೀಲ್ ಹಗುರವಾಗಿ ತಿರುಗುತ್ತದೆ. ಅದು ವೇಗ ಹಿಡಿದ ಮೇಲೆ ಲಿವರ್ ಬಿಟ್ಟರೆ ಆ ಓಟವೇ ಗಾಳಿಯನ್ನು ಒತ್ತುತ್ತದೆ.

ಮೊದಲು ಗೇರ್ ನ್ಯೂಟ್ರಲ್ ಮಾಡು. ಎಂಜಿನ್ ನಿಲ್ಲಿಸುವ ಸ್ಟಾಪ್ ನಾಬ್ ಎಳೆದೇ ಉಳಿದಿದೆಯಾ ನೋಡು, ಎಷ್ಟೋ ಸಲ ಅದೇ ಕಾರಣ. ಲಿವರ್ ಎತ್ತಿ, ಥ್ರಾಟಲ್ ಜಾಸ್ತಿ ಇಟ್ಟು ನಿಧಾನಕ್ಕೆ ತಿರುಗಿಸು. ಎಲ್ಲಾದರೂ ಗಟ್ಟಿಯಾಗಿ ತಡೆದರೆ ಅಲ್ಲೇ ನಿಲ್ಲಿಸು, ಸಿಲಿಂಡರ್‌ಗೆ ನೀರು ಹೋಗಿರಬಹುದು. ತಡೆಯದಿದ್ದರೆ ಕಿವಿಗೊಟ್ಟು ಕೇಳು. ಸಿಲಿಂಡರ್‌ಗೆ ಡೀಸೆಲ್ ಸಿಂಪಡಿಸುವ ನಾಜಲ್‌ನಿಂದ ಕರ್ರ್, ಕರ್ರ್ ಅಂತ ಸದ್ದು ಬರಬೇಕು. ಇಡೀ ಕೆಲಸದಲ್ಲಿ ನಾನು ಹೆಚ್ಚು ನಂಬುವುದು ಆ ಸದ್ದನ್ನೇ. ಅದು ಬಂದರೆ ಡೀಸೆಲ್ ಬರುತ್ತಿದೆ ಅಂತ ಅರ್ಥ. ಬಾರದಿದ್ದರೆ ಲೈನಿನಲ್ಲಿ ಏರ್ ಹಿಡಿದಿರುವ ಸಾಧ್ಯತೆ ಹೆಚ್ಚು. ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ ಗುಳ್ಳೆ ಪೂರ್ತಿ ಹೋಗುವ ತನಕ ಬಿಡು, ಆಮೇಲೆ ಡೀಸೆಲ್ ಪಂಪಿನ ಸ್ಕ್ರೂಗೂ ಹಾಗೇ ಮಾಡು. ಅಲ್ಲಿಯ ತನಕ ಎಷ್ಟು ಹೊಡೆದರೂ ಸುಮ್ನೆ ಬೆನ್ನು ನೋವು.

ಸದ್ದು ಬಂದ ಮೇಲೆ ಜೋರಾಗಿ ತಿರುಗಿಸು. ನಿನ್ನ ಕೈಲಾದಷ್ಟು ವೇಗ ಬರಲಿ. ಲಿವರ್ ಎರಡಿದ್ದರೆ ಮೊದಲು ಒಂದನ್ನೇ ಬಿಡು, ಆ ಸಿಲಿಂಡರ್ ಹಿಡಿದುಕೊಂಡ ಮೇಲೆ ಇನ್ನೊಂದು. ಲಿವರ್ ಬಿಡಲು ಪಕ್ಕದಲ್ಲಿ ಒಬ್ಬರು ಇದ್ದರೆ ಒಳ್ಳೆಯದು. ಲಿವರ್ ಬಿಟ್ಟ ಕೂಡಲೇ ಕೈ ಸಡಿಲಿಸಬೇಡ. ಮೊದಲ ಕಂಪ್ರೆಷನ್ ದಾಟುವ ತನಕ ತಿರುಗಿಸುತ್ತಲೇ ಇರು. ಅರ್ಧಕ್ಕೆ ಬಿಟ್ಟಾಗಲೇ ಎಂಜಿನ್ ಹಿಂದಕ್ಕೆ ಒದೆಯುವುದು.

ಹೆಬ್ಬೆರಳಿನ ವಿಷಯ ಎಲ್ಲರೂ ಕೇಳಿಸಿಕೊಳ್ಳಿ. ಹ್ಯಾಂಡಲನ್ನು ಸುತ್ತಿ ಹಿಡಿಯಬೇಡಿ. ಹೆಬ್ಬೆರಳೂ ಉಳಿದ ಬೆರಳುಗಳ ಕಡೆಗೇ ಇರಲಿ, ಇಲ್ಲದಿದ್ದರೆ ಒದ್ದಾಗ ಮುರಿಯುತ್ತದೆ. ಹ್ಯಾಂಡಲ್ ಕೂರುವ ಜಾಗ ಒರೆಸಿ ಸ್ವಲ್ಪ ಗ್ರೀಸ್ ಹಚ್ಚು, ಎಂಜಿನ್ ಹಿಡಿದ ಕೂಡಲೇ ಅದು ಬಿಟ್ಟುಕೊಳ್ಳಬೇಕು. ಸಿಕ್ಕಿಕೊಂಡು ಎಂಜಿನ್ ಜೊತೆ ತಿರುಗಿದರೆ ಹಿಡಿಯಲು ಹೋಗಬೇಡ. ದೂರ ಸರಿದು ಸ್ಟಾಪ್ ನಾಬ್ ಎಳೆ.

ಚಳಿಗೆ ಹಿಡಿಯದಿದ್ದರೆ ಗಾಳಿ ಹೋಗುವ ದಾರಿಯಲ್ಲಿ ಕೆಲವೇ ಹನಿ ಎಂಜಿನ್ ಆಯಿಲ್ ಹಾಕು, ರಿಂಗ್ ಸಂದಿ ಮುಚ್ಚಿ ಕಂಪ್ರೆಷನ್ ಏರುತ್ತದೆ. ಯಾರೋ ಈಥರ್ ಸ್ಪ್ರೇ ಹೊಡಿ ಅಂತ ಹೇಳಿದ್ದಾರಲ್ಲ, ದಯವಿಟ್ಟು ಬೇಡ. ಅದು ಪಿಸ್ಟನ್ ಪೂರ್ತಿ ಮೇಲಕ್ಕೆ ಬರುವ ಮೊದಲೇ ಹೊತ್ತಿಕೊಂಡು ಕೈಗೂ ಹೊಡೆಯುತ್ತದೆ, ರಿಂಗೂ ಒಡೆಯುತ್ತದೆ. ಸ್ಟಾರ್ಟ್ ಆದ ಮೇಲೆ ಎಂಜಿನ್ ತಂಪು ಮಾಡುವ ನೀರು ಹೊರಗೆ ಬೀಳುತ್ತಿದೆಯಾ ನೋಡಿಕೋ.

ಈಗ ಲಿವರ್ ಎತ್ತಿ ನಿಧಾನಕ್ಕೆ ತಿರುಗಿಸು, ಆ ಕರ್ರ್ ಸದ್ದನ್ನು ರೆಕಾರ್ಡ್ ಮಾಡಿ ಇಲ್ಲೇ ಹಾಕು. ಅದನ್ನು ಕೇಳಿ ಮುಂದಿನದು ಹೇಳುತ್ತೇನೆ.