ಪ್ಯಾಕ್-12ಕ್ಕೆ ಇನ್ನೊಂದು ತಂಡ: ಕರೆ ಯಾರಿಗೆ ಹೋಗಬಹುದು?

ಪ್ರಶ್ನೆ: ನಿವೃತ್ತ ದೈಹಿಕ ಶಿಕ್ಷಣ ನಿರ್ದೇಶಕ, ಬಳ್ಳಾರಿ

ನನ್ನ ಅಕ್ಕನ ಮಗ ಅಮೆರಿಕದ ಪುಲ್‌ಮನ್ ಎಂಬ ಸಣ್ಣ ಊರಿನಲ್ಲಿರುವ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಎಂ.ಎಸ್. ಓದುತ್ತಿದ್ದಾನೆ. ಅಲ್ಲಿ ಶನಿವಾರ ಸಂಜೆ ಏಳೂವರೆಗೆ ಆರಂಭವಾಗುವ ಫುಟ್‌ಬಾಲ್, ಅಂದರೆ ಅವರ ಮೊಟ್ಟೆಯಾಕಾರದ ಚೆಂಡಿನ ಆಟ, ನಮಗೆ ಭಾನುವಾರ ಬೆಳಿಗ್ಗೆ ಎಂಟಕ್ಕೆ ಸಿಗುತ್ತದೆ. ಒಗ್ಗರಣೆ ಮಿರ್ಚಿಯ ತಟ್ಟೆ ಮುಂದಿಟ್ಟುಕೊಂಡು ಅವನ ವಿಡಿಯೊ ಕರೆಯಲ್ಲಿ ಕ್ರೀಡಾಂಗಣದ ಗದ್ದಲ ಕೇಳುವುದು ನನಗೀಗ ಅಭ್ಯಾಸವಾಗಿಬಿಟ್ಟಿದೆ.

ನಾನು ಸೇವೆಯಲ್ಲಿದ್ದಾಗ ಯಾವ ಕಾಲೇಜಿನ ಜೊತೆ ಆಡಬೇಕೆಂಬುದು ನಮ್ಮ ಕೈಯಲ್ಲಿರಲಿಲ್ಲ. ಗುಲಬರ್ಗಾ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದ್ದಷ್ಟು ಕಾಲ ಬೀದರಿನ ಹುಡುಗರ ಜೊತೆ ಆಡಿದೆವು. 2010ರಲ್ಲಿ ಬಳ್ಳಾರಿಗೆ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಬಂದ ಮೇಲೆ ಆ ಪಂದ್ಯಗಳು ನಿಂತು, ಕೊಪ್ಪಳದವರು ಜೊತೆಗುಳಿದರು. ಗೆರೆ ಎಳೆಯುವುದು ಸರ್ಕಾರದ ಕೆಲಸ, ಗೆರೆಯೊಳಗೆ ಆಡುವುದು ನಮ್ಮ ಕೆಲಸ ಎಂದಷ್ಟೇ ನಾನು ತಿಳಿದಿದ್ದೆ.

ಅಲ್ಲಿ ವಿಶ್ವವಿದ್ಯಾಲಯಗಳು ತಾವೇ ಕೂಡಿ ಕಾನ್ಫರೆನ್ಸ್ ಎಂಬ ಕೂಟಗಳನ್ನು ಕಟ್ಟಿಕೊಳ್ಳುತ್ತವಂತೆ, ಮತ್ತು ಒಂದು ಕೂಟ ಇನ್ನೊಂದರ ಸದಸ್ಯರನ್ನು ಹಾಡಹಗಲೇ ಕರೆದುಕೊಂಡು ಹೋಗುತ್ತದಂತೆ. (ಕಾನ್ಫರೆನ್ಸ್ ಎಂದರೆ ವಿಚಾರ ಸಂಕಿರಣ, ಊಟದ ಕೂಪನ್ನು, ಕೊನೆಗೊಂದು ಪ್ರಮಾಣಪತ್ರ ಎಂದೇ ನಾನು ಮೂವತ್ತು ವರ್ಷ ನಂಬಿದ್ದೆ.) ನಮ್ಮ ಹುಡುಗನ ವಿಶ್ವವಿದ್ಯಾಲಯ ಇರುವ ಪ್ಯಾಕ್-12 ಕೂಟದಲ್ಲಿ ಈಗ ಫುಟ್‌ಬಾಲ್ ಆಡುವವರು ಎಂಟೇ ಜನ ಎಂದೂ, ಇನ್ನೊಬ್ಬರನ್ನು ಕರೆಯಲೇಬೇಕಾಗಬಹುದೆಂದೂ ಅವನು ಹೇಳುತ್ತಾನೆ. ಯಾರನ್ನು ಕರೆಯಬಹುದು? ಕರೆಯುವಾಗ ಏನನ್ನು ನೋಡುತ್ತಾರೆ? ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1: ರಾಯಚೂರು

ಸರ್, ಈ ಎಂಟರ ಲೆಕ್ಕದಿಂದಲೇ ಆರಂಭಿಸುತ್ತೇನೆ. ಕಾಲೇಜು ಫುಟ್‌ಬಾಲಿನ ಮೇಲಿನ ದರ್ಜೆಯಲ್ಲಿ ಒಂದು ಕೂಟಕ್ಕೆ ಮಾನ್ಯತೆ ಉಳಿಯಬೇಕಾದರೆ ಫುಟ್‌ಬಾಲ್ ಆಡುವ ಪೂರ್ಣ ಸದಸ್ಯರು ಕನಿಷ್ಠ ಎಂಟು ಜನ ಇರಬೇಕು. 1915ರಿಂದ ಬೇರೆ ಬೇರೆ ಹೆಸರಿನಲ್ಲಿ ನಡೆದುಬಂದ ಪಶ್ಚಿಮ ಕರಾವಳಿಯ ಈ ಕೂಟದಿಂದ 2024ರಲ್ಲಿ ಹನ್ನೆರಡರಲ್ಲಿ ಹತ್ತು ಸದಸ್ಯರು ಹೊರನಡೆದರು. ಯುಸಿಎಲ್‌ಎ, ಯುಎಸ್‌ಸಿ, ಆರೆಗನ್ ಮತ್ತು ವಾಷಿಂಗ್ಟನ್ ಬಿಗ್ ಟೆನ್ ಕೂಟಕ್ಕೆ ಹೋದವು, ಅರಿಜೋನದ ಎರಡೂ ವಿಶ್ವವಿದ್ಯಾಲಯಗಳು, ಯೂಟಾ ಮತ್ತು ಕೊಲರಾಡೊ ಬಿಗ್ 12ಕ್ಕೆ ಹೋದವು, ಸ್ಟ್ಯಾನ್‌ಫರ್ಡ್ ಮತ್ತು ಕ್ಯಾಲಿಫೋರ್ನಿಯ ದೇಶದ ಆಚೆ ದಡದ ಅಟ್ಲಾಂಟಿಕ್ ಕೋಸ್ಟ್ ಕೂಟವನ್ನು ಸೇರಿದವು. ಬಿಗ್ ಟೆನ್‌ನಲ್ಲಿ ಈಗ 18 ಸದಸ್ಯರು, ಬಿಗ್ 12ರಲ್ಲಿ 16. ಹೆಸರಿಗೂ ಸಂಖ್ಯೆಗೂ ಅಲ್ಲಿ ಸಂಬಂಧವಿಲ್ಲ. ಮನೆ ಖಾಲಿಯಾದ ಮೇಲೆ ಉಳಿದವರು ಆರೆಗನ್ ಸ್ಟೇಟ್ ಮತ್ತು ನಿಮ್ಮ ಹುಡುಗನ ವಾಷಿಂಗ್ಟನ್ ಸ್ಟೇಟ್ ಇಬ್ಬರೇ.

ಆ ಇಬ್ಬರು ಒಂದು ವರ್ಷದ ಮಟ್ಟಿಗೆ ಪಕ್ಕದ ಮೌಂಟನ್ ವೆಸ್ಟ್ ಕೂಟದ ತಂಡಗಳೊಡನೆ ಆಡಲು ಒಪ್ಪಂದ ಮಾಡಿಕೊಂಡರು. ನಮ್ಮ ಸದಸ್ಯರನ್ನು ಸೆಳೆದರೆ ದಂಡ ಕೊಡಬೇಕು ಎಂಬ ಷರತ್ತು ಅದರಲ್ಲಿತ್ತು: ಮೊದಲನೆಯವರಿಗೆ ಒಂದು ಕೋಟಿ ಡಾಲರ್, ಆಮೇಲೆ ತಲೆಗೆ ಐದು ಲಕ್ಷದಂತೆ ಏರಿಕೆ. ಹಾಗಿದ್ದೂ 2024ರ ಸೆಪ್ಟೆಂಬರಿನಲ್ಲಿ ಬಾಯ್ಸಿ ಸ್ಟೇಟ್, ಕೊಲರಾಡೊ ಸ್ಟೇಟ್, ಫ್ರೆಸ್ನೊ ಸ್ಟೇಟ್, ಸ್ಯಾನ್ ಡಿಯೇಗೊ ಸ್ಟೇಟ್, ಬೆನ್ನಿಗೇ ಯೂಟಾ ಸ್ಟೇಟ್ ಎಂದು ಐವರನ್ನು ಕರೆದರು. ದಂಡ 5.5 ಕೋಟಿ ಡಾಲರಿಗೆ ಮುಟ್ಟಿತು, ಪ್ರಕರಣ ನ್ಯಾಯಾಲಯ ಸೇರಿತು. ಬಾಸ್ಕೆಟ್‌ಬಾಲಿನಲ್ಲಿ ದೊಡ್ಡ ಹೆಸರಾದ ಗೊನ್ಜಾಗಾ ಬಂದಿತಾದರೂ ಅದು ಫುಟ್‌ಬಾಲ್ ಆಡುವುದಿಲ್ಲವಾದ್ದರಿಂದ ಲೆಕ್ಕ ಏಳರಲ್ಲೇ ನಿಂತಿತ್ತು. ಎಂಟನೆಯ ಸ್ಥಾನಕ್ಕೆ 2025ರ ಜೂನ್ ಕೊನೆಯಲ್ಲಿ ಟೆಕ್ಸಾಸ್ ಸ್ಟೇಟ್ ಒಪ್ಪಿತು. 2026ರ ಜುಲೈ 1 ಇವರೆಲ್ಲರ ಸೇರ್ಪಡೆಯ ದಿನ.

ಎಂಟು ಎಂದರೆ ಅಂಚಿನ ಮೇಲೆ ನಿಂತಂತೆ. ಒಬ್ಬರು ಕದಲಿದರೂ ಕೂಟಕ್ಕೆ ಗಂಡಾಂತರ. ನನ್ನ ಊಹೆಯಲ್ಲಿ ಮೊದಲ ಹೆಸರು ಮೆಂಫಿಸ್. ಆದರೆ ಮೆಂಫಿಸ್, ಟುಲೇನ್, ಸೌತ್ ಫ್ಲೋರಿಡಾ ಮತ್ತು ಸ್ಯಾನ್ ಆಂಟೋನಿಯೊದ ಟೆಕ್ಸಾಸ್ ವಿಶ್ವವಿದ್ಯಾಲಯ ನಾಲ್ಕೂ 2024ರಲ್ಲೇ ಅಮೆರಿಕನ್ ಕೂಟದಲ್ಲಿ ಉಳಿಯುವುದಾಗಿ ಒಟ್ಟಾಗಿ ಹೇಳಿವೆ. ಲಾಸ್ ವೇಗಸ್ಸಿನ ನೆವಾಡಾ ವಿಶ್ವವಿದ್ಯಾಲಯವೂ ಮೌಂಟನ್ ವೆಸ್ಟ್‌ನಲ್ಲೇ ಉಳಿಯಿತು. ಕರೆಯುವವರಿಗೆ ಆಸೆ ಇದ್ದರೆ ಸಾಲದು, ಬರುವವನು ತನ್ನ ಈಗಿನ ಕೂಟಕ್ಕೆ ಕಟ್ಟಬೇಕಾದ ನಿರ್ಗಮನ ಶುಲ್ಕವನ್ನೂ ಯಾರಾದರೂ ಭರಿಸಬೇಕು.

ಉತ್ತರ 2: ವಾಲಿಬಾಲ್ ತರಬೇತುದಾರ, ಕೊಪ್ಪಳ

ಮೇಲಿನವರ ಮಾಹಿತಿ ಸರಿಯಾಗಿದೆ, ಆದರೆ ಈ ಚರ್ಚೆಯಲ್ಲಿ ಎಲ್ಲರೂ ಫುಟ್‌ಬಾಲನ್ನೇ ಹಿಡಿದು ಕೂರುತ್ತಾರೆ. ಫುಟ್‌ಬಾಲಿಗೆ ವಾರಕ್ಕೊಂದು ಆಟ, ಅದೂ ಬಹುಪಾಲು ಶನಿವಾರ. ಅದೇ ಕೂಟದಲ್ಲಿ ವಾಲಿಬಾಲ್, ಸಾಫ್ಟ್‌ಬಾಲ್ ಆಡುವ ಹುಡುಗಿಯರು ವಾರದ ನಡುವೆಯೂ ಓಡಾಡಬೇಕು. ಲಾಸ್ ಏಂಜಲೀಸಿನ ಯುಸಿಎಲ್‌ಎಗೆ ಈಗ ನ್ಯೂಜೆರ್ಸಿಯ ರಟ್ಗರ್ಸ್ ಸಹಸದಸ್ಯ. ನಡುವೆ ನಾಲ್ಕು ಸಾವಿರ ಕಿಲೋಮೀಟರಿಗೆ ಸಮೀಪದ ದೂರ, ಗಡಿಯಾರದಲ್ಲಿ ಮೂರು ಗಂಟೆಯ ಅಂತರ.

ನಾನು ಒಮ್ಮೆ ಹೆಣ್ಣುಮಕ್ಕಳ ತಂಡವನ್ನು ಹರಿಪ್ರಿಯ ಎಕ್ಸ್‌ಪ್ರೆಸ್ಸಿನಲ್ಲಿ ತಿರುಪತಿಗೆ ಕರೆದೊಯ್ದಿದ್ದೆ. ಸೀಟು ಕಾದಿರಿಸಿದ್ದು ಅರ್ಧ ಜನರಿಗೆ ಮಾತ್ರ ಖಚಿತವಾಗಿತ್ತು. ನಮ್ಮ ಸೆಟ್ಟರ್ ಹುಡುಗಿ ಚೆಂಡಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಅದಕ್ಕೇ ಗಲ್ಲ ಊರಿ, ಗುಂತಕಲ್ ದಾಟುವವರೆಗೂ ಕುಳಿತೇ ತೂಕಡಿಸಿದಳು. ಮರುದಿನ ಮೊದಲ ಸೆಟ್ಟಿನಲ್ಲಿ ಅವಳ ಮೂರು ಸರ್ವೀಸ್ ಬಲೆಗೇ ಬಡಿದವು. ವಿಮಾನದಲ್ಲಿ ಹೋದರೂ ನಿದ್ದೆಗೆಟ್ಟ ಕೈ ನಿದ್ದೆಗೆಟ್ಟ ಕೈಯೇ. ಪುಲ್‌ಮನ್‌ನಿಂದ ಟೆನೆಸ್ಸಿಯ ಮೆಂಫಿಸ್ಸಿಗೆ ಪ್ರತಿ ಋತುವಿನಲ್ಲಿ ಹೋಗಿ ಬರಬೇಕಾದ ಹುಡುಗಿಯರನ್ನು ಯಾರೂ ಕೇಳುವುದಿಲ್ಲ. ನನ್ನನ್ನು ಕೇಳಿದರೆ ಗೊನ್ಜಾಗಾದಂಥ ಹತ್ತಿರದವರನ್ನು ಸೇರಿಸಿಕೊಂಡಿದ್ದೇ ಈ ಕೂಟ ಮಾಡಿದ ಬುದ್ಧಿವಂತ ಕೆಲಸ. ಅದು ಇರುವುದು ಅದೇ ರಾಜ್ಯದ ಸ್ಪೋಕೇನ್‌ನಲ್ಲಿ.

ಉತ್ತರ 3: ಸಿರುಗುಪ್ಪ

ದೂರದ ಮಾತು ನ್ಯಾಯವಾದದ್ದೇ, ಆದರೆ ಟಿ.ವಿ. ಹಣದ ಮುಂದೆ ಅದು ನಿಲ್ಲುವುದಿಲ್ಲ. ಬಿಗ್ ಟೆನ್ 2022ರಲ್ಲಿ ಫಾಕ್ಸ್, ಸಿಬಿಎಸ್ ಮತ್ತು ಎನ್‌ಬಿಸಿ ಜೊತೆ ಏಳು ವರ್ಷಕ್ಕೆ ಮಾಡಿಕೊಂಡ ಒಪ್ಪಂದದ ಮೊತ್ತ ಸುಮಾರು 700 ಕೋಟಿ ಡಾಲರ್ ಎಂದು ವರದಿಯಾಯಿತು. ಒಳಗೆ ಬರುವ ಹಂಬಲ ಎಷ್ಟಿದೆ ಎಂಬುದಕ್ಕೆ ಡಲ್ಲಾಸಿನ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯವನ್ನು ನೋಡಿ: ಅಟ್ಲಾಂಟಿಕ್ ಕೋಸ್ಟ್ ಕೂಟದ ಪ್ರಸಾರ ಹಣದ ಪಾಲನ್ನು ಒಂಬತ್ತು ವರ್ಷ ಬಿಟ್ಟುಕೊಡುತ್ತೇನೆಂದು ಒಪ್ಪಿ ಅದು ಸೇರಿತು. ಸಂಬಳವಿಲ್ಲದೆ ದುಡಿದಾದರೂ ದೊಡ್ಡ ಮನೆಯಲ್ಲಿ ಇರುತ್ತೇನೆ ಎಂದಂತೆ.

ಹಾಗೆಂದು ಓದಿಗೆ ಬೆಲೆಯೇ ಇಲ್ಲವೆಂದಲ್ಲ. ಬಿಗ್ ಟೆನ್‌ನವರು ಸಂಶೋಧನೆಯಲ್ಲಿ ಹೆಸರಾದ ವಿಶ್ವವಿದ್ಯಾಲಯಗಳತ್ತಲೇ ಹೆಚ್ಚು ಒಲವು ತೋರುತ್ತ ಬಂದಿದ್ದಾರೆ. ಅದಕ್ಕೇ ಮುಂದಿನ ಸುತ್ತಿನಲ್ಲಿ ನಾರ್ತ್ ಕ್ಯಾರೊಲಿನಾ ಮತ್ತು ವರ್ಜೀನಿಯಾ ಹೆಸರುಗಳು ಅಲ್ಲಿ ಮೊದಲು ಕೇಳಿಬರುತ್ತವೆ. ಫ್ಲೋರಿಡಾ ಸ್ಟೇಟ್ ಮತ್ತು ಕ್ಲೆಮ್ಸನ್ ತಮ್ಮದೇ ಅಟ್ಲಾಂಟಿಕ್ ಕೋಸ್ಟ್ ಕೂಟದ ವಿರುದ್ಧ ಹೂಡಿದ್ದ ದಾವೆ 2025ರ ಮಾರ್ಚಿನಲ್ಲಿ ರಾಜಿಯಾಯಿತು. ಅದರಂತೆ ನಿರ್ಗಮನ ಶುಲ್ಕ ವರ್ಷವರ್ಷಕ್ಕೆ ಇಳಿದು 2030ರ ಹೊತ್ತಿಗೆ 7.5 ಕೋಟಿ ಡಾಲರಿಗೆ ಬರುತ್ತದೆ. ಬಿಗ್ ಟೆನ್‌ನ ಪ್ರಸಾರ ಒಪ್ಪಂದ ಮುಗಿಯುವುದೂ ಆ ಸುಮಾರಿಗೇ. ಆದ್ದರಿಂದ ದೊಡ್ಡ ವಲಸೆ ಆಗ ಎಂಬುದು ನನ್ನ ಎಣಿಕೆ. ಅಲ್ಲಿಯವರೆಗೆ ಪ್ಯಾಕ್-12 ಮೆಂಫಿಸ್ಸಿಗೆ ಕರೆ ಕಳುಹಿಸಿದರೂ ಮೆಂಫಿಸ್ ಬಿಗ್ 12ರ ಬಾಗಿಲನ್ನೇ ನೋಡುತ್ತ ಕೂರುತ್ತದೆ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಧನ್ಯವಾದಗಳು. ಕೊಪ್ಪಳದವರ ಮಾತನ್ನು ನಿನ್ನೆ ರಾತ್ರಿ ಹುಡುಗನಿಗೆ ಓದಿ ಹೇಳಿದೆ. ಅವನ ಸಹಪಾಠಿಯೊಬ್ಬಳು ವಾಲಿಬಾಲ್ ತಂಡದಲ್ಲಿದ್ದಾಳಂತೆ, ಮನೆಕೆಲಸದ ಲೆಕ್ಕಗಳನ್ನು ವಿಮಾನ ನಿಲ್ದಾಣದಲ್ಲಿ ಕುಳಿತೇ ಮಾಡಿ ಕಳುಹಿಸುತ್ತಾಳಂತೆ. ಇನ್ನೊಂದು ಸಂದೇಹ ಉಳಿದಿದೆ: ಗೊನ್ಜಾಗಾದ ಹಾಗೆ ಫುಟ್‌ಬಾಲ್ ಇಲ್ಲದೆ ಉಳಿದ ಆಟಗಳಿಗಷ್ಟೇ ಸದಸ್ಯರಾಗಬಹುದಾದರೆ, ಮೆಂಫಿಸ್ಸಿನಂಥ ದೂರದವರನ್ನು ಫುಟ್‌ಬಾಲಿಗೆ ಮಾತ್ರ ಸೇರಿಸಿಕೊಂಡು ಹುಡುಗಿಯರ ತಂಡಗಳನ್ನು ಅವರವರ ಹತ್ತಿರದ ಊರುಗಳಲ್ಲೇ ಆಡಿಸಲು ಬರುವುದಿಲ್ಲವೇ?

ಉತ್ತರ: ರಾಯಚೂರು

ಬರುತ್ತದೆ ಸರ್. ನಾರ್ದರ್ನ್ ಇಲಿನಾಯ್ ವಿಶ್ವವಿದ್ಯಾಲಯವನ್ನು ಮೌಂಟನ್ ವೆಸ್ಟ್ ಕೂಟ 2026ರಿಂದ ಫುಟ್‌ಬಾಲಿಗಷ್ಟೇ ತೆಗೆದುಕೊಳ್ಳಲು ಒಪ್ಪಿದ್ದು ಅದೇ ಬಗೆಯಲ್ಲಿ. ಆದರೆ ಕನಿಷ್ಠ ಎಂಟರ ಲೆಕ್ಕಕ್ಕೆ ಪೂರ್ಣ ಸದಸ್ಯರೇ ಬೇಕು. ಒಬ್ಬರು ಬಿಟ್ಟುಹೋದ ದಿನ ಅಂಥ ಅರೆ ಸದಸ್ಯರಿಂದ ಪ್ಯಾಕ್-12ರ ಮಾನ್ಯತೆ ಉಳಿಯುವುದಿಲ್ಲ.