ಪುಟ್ಟ ಓಎಲ್‌ಇಡಿ ಪರದೆ: ಅಪ್ಪಯ್ಯನಿಗೆ ಏನೂ ಓದಕ್ಕಾಗ್ತಿಲ್ಲ

ತೀರ್ಥಹಳ್ಳಿ ತೋಟ:
ನಮಸ್ಕಾರ. ಅಡಿಕೆ ತೋಟದ ಪಂಪ್‌ಸೆಟ್ಟಿಗೆ ಆರ್ಡುಯಿನೋ ಊನೋ (ಪ್ರೋಗ್ರಾಂ ಬರೆದು ನಡೆಸೋ ಸಣ್ಣ ಎಲೆಕ್ಟ್ರಾನಿಕ್ ಬೋರ್ಡ್) ಹಾಕಿ, ಜಗಲಿಯಲ್ಲಿ 0.96 ಇಂಚಿನ ಓಎಲ್‌ಇಡಿ ಪರದೆ (128×64 ಚುಕ್ಕಿ) ಕೂರಿಸಿದ್ದೇನೆ. ಟ್ಯಾಂಕಿನ ನೀರು, ತ್ರೀ ಫೇಸ್, ವೋಲ್ಟೇಜು, ಉಷ್ಣಾಂಶ, ತೇವಾಂಶ, ಗಂಟೆ, ಒಟ್ಟು ಆರು ಸಾಲು. ನನಗೆ ಕಾಣ್ತದೆ. ಅಪ್ಪಯ್ಯ ಕನ್ನಡಕ ಹಾಕ್ಕೊಂಡರೂ ಓದಕ್ಕಾಗದೆ, ರಾತ್ರಿ ಟಾರ್ಚ್ ಹಿಡ್ಕೊಂಡು ಟ್ಯಾಂಕಿನ ಹತ್ತಿರವೇ ಹೋಗ್ತಾರೆ. ಬಹಳ ಬೇಜಾರಾಗ್ತದೆ. ಕನ್ನಡ ಫಾಂಟೂ ಹಾಕಿ ನೋಡಿದೆ. ಒತ್ತಕ್ಷರ ಕೆಳಗೆ ಕೂರದೆ ಬಿಡಿಬಿಡಿಯಾಗಿ ಬರ್ತದೆ.

ಸಾಗರದವ:
ಮೊದಲು ಅಳತೆ ನೋಡಿ ಸರ್. ಆ ಪರದೆಯಲ್ಲಿ ಬೆಳಗೋ ಭಾಗ ಸುಮಾರು 22 ಮಿ.ಮೀ. ಅಗಲ, 11 ಮಿ.ಮೀ. ಎತ್ತರ, ಅಷ್ಟೇ. 8 ಚುಕ್ಕಿಯ ಸಾಲು ಅಂದ್ರೆ 1.4 ಮಿ.ಮೀ. ಆಯ್ತು. ಅಕ್ಕಿಕಾಳಿಗಿಂತ ಸಣ್ಣ ಅಕ್ಷರಕ್ಕೆ ಯಾವ ಕನ್ನಡಕವೂ ಸಾಲದು.

ಅಪ್ಪಯ್ಯ ಟ್ಯಾಂಕಿನ ಹತ್ತಿರ ಏನು ನೋಡಕ್ಕೆ ಹೋಗ್ತಾರೆ? ನೀರು ಎಷ್ಟಿದೆ, ಕರೆಂಟ್ ಇದೆಯಾ, ಎರಡೇ. ಮೇಲಿನ 40 ಚುಕ್ಕಿಯಲ್ಲಿ ನೀರಿನ ಅಂಕಿ ಮಾತ್ರ ಇರಲಿ, ಹತ್ತಿರ ಹತ್ತಿರ 7 ಮಿ.ಮೀ. ಎತ್ತರ ಸಿಗ್ತದೆ. ಕೆಳಗಿನ 24ರಲ್ಲಿ ‘ಕರೆಂಟ್ ಇದೆ’, ‘ಕರೆಂಟ್ ಇಲ್ಲ’, ‘ವೋಲ್ಟೇಜ್ ಕಮ್ಮಿ’, ಈ ಮೂರರಲ್ಲಿ ಒಂದು. ವೋಲ್ಟೇಜಿನ ಅಂಕಿ ಅವರಿಗೆ ಬೇಡ, ಮೋಟಾರ್ ಹಾಕಬಹುದಾ ಅಂತ ಗೊತ್ತಾದರೆ ಸಾಕು. ಉಷ್ಣಾಂಶ, ತೇವಾಂಶ ಬಟನ್ ಒತ್ತಿದಾಗ ಬರಲಿ. ಗಂಟೆ ತೆಗೆದುಬಿಡಿ.

ಕನ್ನಡವನ್ನು ಫಾಂಟಿನಿಂದ ಬರೆಸಬೇಡಿ. ಪರದೆ ನಡೆಸೋ ಲೈಬ್ರರಿಗಳಿಗೆ (ಸಿದ್ಧ ಕೋಡ್) ಒತ್ತು ಕೂಡಿಸೋದು ಬರಲ್ಲ. ಕಂಪ್ಯೂಟರಿನಲ್ಲಿ ಪದ ಬರೆದು, 128×24ರ ಕಪ್ಪು-ಬಿಳುಪು ಚಿತ್ರ ಮಾಡಿ ಸೇರಿಸಿ. ‘ಕಮ್ಮಿ’ಯ ಒತ್ತು ಕತ್ತರಿಸಿ ಹೋಗದ ಹಾಗೆ ಕೆಳಗೆ ಜಾಗ ಬಿಡಿ.

ತೀರ್ಥಹಳ್ಳಿ ತೋಟ:
ಮೂರೂ ಚಿತ್ರ ಸೇರಿಸಿದೆ. ಕಂಪೈಲ್ (ಕೋಡನ್ನು ಬೋರ್ಡಿನ ಭಾಷೆಗೆ ಬದಲಿಸೋದು) ಸರಿಯಾಗಿ ಆಗ್ತದೆ, ಆದರೆ ಪರದೆ ಪೂರ್ತಿ ಕಪ್ಪು. ಲೈಬ್ರರಿ ಅಡಾಫ್ರೂಟ್‌ನದ್ದು.

ಸಾಗರದವ:
ಚಿತ್ರಗಳು ಬೋರ್ಡಿನ ಕೆಲಸದ ಮೆಮೊರಿಯಾದ ರ್‍ಯಾಮ್‌ನಲ್ಲಿ ಕೂತಿರಬೇಕು. ಒಂದಕ್ಕೆ 384 ಬೈಟ್, ಮೂರಕ್ಕೆ 1152. ಪರದೆಗೇ 1024 ಬೇಕು. ಊನೋದಲ್ಲಿ ಇರೋದೇ 2048. ಪರದೆಯ ಪಾಲನ್ನು ಲೈಬ್ರರಿ ಕೇಳೋದು ಬೋರ್ಡ್ ಶುರುವಾದ ಮೇಲೆ, ಹಾಗಾಗಿ ಕಂಪೈಲ್ ಮಾಡುವಾಗ ಲೆಕ್ಕಕ್ಕೆ ಸಿಗಲ್ಲ. ಕೋಡಿನಲ್ಲಿ ಮೂರಕ್ಕೂ ‘ಕಾನ್ಸ್ಟ್’ ಜೊತೆ ‘ಪ್ರೋಗ್‌ಮೆಮ್’ ಹಾಕಿ, ಪ್ರೋಗ್ರಾಂ ಕೂರೋ ಮೆಮೊರಿಯಾದ ಫ್ಲ್ಯಾಶ್‌ನಲ್ಲೇ ಉಳೀತವೆ.

ತೀರ್ಥಹಳ್ಳಿ ತೋಟ:
ಬಂತು ಸರ್! ನಿನ್ನೆ ರಾತ್ರಿ ಅಪ್ಪಯ್ಯ ಕುರ್ಚಿಯಿಂದ ಏಳದೆ ‘ಅರವತ್ತೈದು, ಕರೆಂಟ್ ಇದೆ’ ಅಂತ ಓದಿದರು. ಟಾರ್ಚ್ ಮೊಳೆಯಲ್ಲೇ ನೇತಾಡ್ತಿತ್ತು. ಹಗಲೂ ರಾತ್ರಿ ಹಾಗೇ ಉರೀತಿರಲಿ ಅಂತಾರೆ, ಬಿಡಬಹುದಾ?

ಸಾಗರದವ:
ಬೇಡ. ಒಂದೇ ಜಾಗ ಸದಾ ಉರಿದರೆ ಓಎಲ್‌ಇಡಿಯ ಆ ಚುಕ್ಕಿಗಳು ಬೇಗ ಮಂಕಾಗ್ತವೆ. ಬಟನ್ ಒತ್ತಿದ ಮೇಲೆ ಅರ್ಧ ನಿಮಿಷ ಉರಿದು ಆರೋ ಹಾಗೆ ಮಾಡಿ. ಕರೆಂಟ್ ಬಂದ ತಕ್ಷಣ ಮಾತ್ರ ತಾನಾಗೇ ಹತ್ತಿಕೊಳ್ಳಲಿ.