ಪದಚರ್ಚೆ: ಸೂಕ್ಷ್ಮಸಸ್ತನಿಯೋ, ಕಿರುಸಸ್ತನಿಯೋ, ಪುಟ್ಟ ಸಸ್ತನಿಯೋ?

ಎಲ್ಲರಿಗೂ ನಮಸ್ಕಾರ. ಒಂದು ಪದ ತುರ್ತಾಗಿ ಬೇಕು. ಸಂಗ್ರಹಾಲಯದ ಫಲಕವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ, ನಾಳೆ ಸಂಜೆ ಅಚ್ಚಿಗೆ ಹೋಗುತ್ತದೆ. ಇಲಿ, ಸುಂಡಿಲಿ, ಬಾವಲಿಯಂಥ ಪ್ರಾಣಿಗಳ ಪಳೆಯುಳಿಕೆ ಹುಡುಕುವ ವಿಜ್ಞಾನಿಯೊಬ್ಬರ ಕೆಲಸ ಅದರ ವಿಷಯ. ಮೂಲದಲ್ಲಿ ‘ಮೈಕ್ರೋಮ್ಯಾಮಲ್’ ಅಂತಿದೆ. ನಾನು ‘ಸೂಕ್ಷ್ಮಸಸ್ತನಿ’ ಅಂತ ಹಾಕಿದ್ದೇನೆ. ಸರಿಯಾ? ‘ಸ್ಕ್ರೀನ್ ವಾಷಿಂಗ್’ಗೂ ಒಂದು ಪದ ಹೇಳಿ. ಮಣ್ಣನ್ನು ನೆನೆಸಿ, 0.5 ಮಿ.ಮೀ. ಕಣ್ಣಿನ ಜರಡಿಗೆ ಹಾಕಿ ತೊಳೆದು, ಉಳಿದದ್ದರಲ್ಲಿ ಹಲ್ಲು, ಮೂಳೆ ಆರಿಸುವ ಕೆಲಸ.

ಮರು 1:
ಸೂಕ್ಷ್ಮಸಸ್ತನಿ ಬೇಡ. ‘ಕಿರುಸಸ್ತನಿ’ ಅರಿಸಮಾಸ, ಅಂದರೆ ಕನ್ನಡ-ಸಂಸ್ಕೃತ ಪದಗಳ ಬೆರಕೆ, ಅದೂ ಬೇಡ. ಸಸ್ತನಿಗೆ ಅಚ್ಚಗನ್ನಡದಲ್ಲಿ ‘ಹಾಲೂಡಿ’, ಹಾಗಾಗಿ ‘ಕಿರುಹಾಲೂಡಿ’ ಅನ್ನಿ. ಹಾಗೇ ‘ಪಳೆಯುಳಿಕೆ’ಯನ್ನು ‘ಹಳೆಯುಳಿಕೆ’ ಮಾಡಿ. ಈಗಿನ ಕನ್ನಡದಲ್ಲಿ ಪಳೆ ಎಲ್ಲಿದೆ?

ಮರು 2:
ಸೂಕ್ಷ್ಮ ಬೇಡ ಅನ್ನೋದು ನನಗೂ ಒಪ್ಪಿಗೆ. ಸೂಕ್ಷ್ಮಜೀವಿ ಅಂದರೆ ಬರಿಗಣ್ಣಿಗೆ ಕಾಣದ್ದು. ಇಲಿ ಕಾಣುತ್ತದೆ ಅಲ್ವಾ? ಸೂಕ್ಷ್ಮದರ್ಶಕ ಬೇಕಾಗುವುದು ಅದರ ಹಲ್ಲಿಗೆ. ಇಷ್ಟು ಚಿಕ್ಕ ಪ್ರಾಣಿಯ ಮೂಳೆ ಬೇಗ ಪುಡಿಯಾಗುತ್ತದೆ, ಎನಾಮಲ್ ಗಟ್ಟಿ, ಹಾಗಾಗಿ ಸಿಗುವುದರಲ್ಲಿ ಹಲ್ಲೇ ಜಾಸ್ತಿ. ಒಂದೂವರೆ ಮಿಲಿಮೀಟರಿನ ದವಡೆಹಲ್ಲು ಅಂಗೈಯಲ್ಲಿ ಮರಳಿನ ಕಾಳಿನ ಹಾಗಿರುತ್ತದೆ. ಲೆನ್ಸಿನ ಕೆಳಗಿಟ್ಟರೆ ಮೊನೆಗಳು, ನಡುವಿನ ತಗ್ಗು, ಅಗಿದು ಅಗಿದು ಸವೆದ ಜಾಗ, ಎಲ್ಲ ಎದ್ದು ಕಾಣುತ್ತದೆ. ಮೊನೆಗಳು ಕೂತಿರುವ ಬಗೆ ನೋಡಿಯೇ ಇದು ಇಲಿ, ಇದು ಸುಂಡಿಲಿ ಅಂತ ಬೇರೆ ಮಾಡುತ್ತಾರೆ. ಸುಂಡಿಲಿಯ ಹೆಸರಲ್ಲಿ ಇಲಿ ಇದ್ದರೂ ಅದು ದಂಶಕ (ಇಲಿ, ಅಳಿಲುಗಳ ಗುಂಪು) ಅಲ್ಲ. ಫಲಕದಲ್ಲಿ ಎಲ್ಲವನ್ನೂ ‘ಇಲಿಗಳು’ ಅಂತ ಒಟ್ಟು ಮಾಡಬೇಡಿ.

ಅರಿಸಮಾಸದ ಭಯಕ್ಕೆ ಮದ್ದು ಸುಲಭ: ಸಮಾಸವನ್ನೇ ಮಾಡಬೇಡಿ. ‘ಪುಟ್ಟ ಸಸ್ತನಿಗಳ ಪಳೆಯುಳಿಕೆ’. ಬಿಡಿ ಬಿಡಿ ಪದ, ಹಳಗನ್ನಡದ ವ್ಯಾಕರಣ ಬರೆದ ಕೇಶಿರಾಜನೂ ಆಕ್ಷೇಪಿಸುವಂತಿಲ್ಲ. ಆ ‘ಗಳ’ ಮಾತ್ರ ಬಿಡಬೇಡಿ. ‘ಪುಟ್ಟ ಸಸ್ತನಿ ಪಳೆಯುಳಿಕೆ’ ಅಂದರೆ ಪುಟ್ಟದ್ದು ಪ್ರಾಣಿಯೋ ಪಳೆಯುಳಿಕೆಯೋ ಗೊತ್ತಾಗಲ್ಲ. ‘ಕಿರುಹಾಲೂಡಿ’ ಓದಿದವರು ಅಲ್ಲೇ ನಿಲ್ಲುತ್ತಾರೆ. ಸಸ್ತನಿಯನ್ನು ಶಾಲೆಯಲ್ಲೇ ಓದಿರುತ್ತಾರೆ.

ಇನ್ನು ಪಳೆ. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪಳೆ ಹಳೆಯಾಯಿತು, ನಿಜ. ಆದರೆ ‘ಹಳೆಯುಳಿಕೆ’ ಅಂದರೆ ನಿನ್ನೆ ಉಳಿದ ಯಾವುದೋ ವಸ್ತು ಅನ್ನಿಸುತ್ತದೆ. ಪಕಾರ ಇದ್ದುದರಿಂದಲೇ ಅದು ಪಾರಿಭಾಷಿಕ ಪದವಾಗಿ ನಿಂತಿದೆ. ನುಡಿ ಎಂದೋ ಬಿಟ್ಟುಬಂದ ಸದ್ದೊಂದು ಈ ಪದದೊಳಗೇ ಉಳಿದುಕೊಂಡಿದೆ. ಇದಕ್ಕಿಂತ ತಕ್ಕ ಪದ ಎಲ್ಲಿ ಸಿಗುತ್ತದೆ? ಇದನ್ನು ತಿದ್ದಲು ಹೊರಟರೆ ನನಗೆ ಸಿಟ್ಟೇ ಬರುತ್ತದೆ.

ತೊಳೆಯುವ ಕೆಲಸಕ್ಕೆ ಹೊಸ ಪದ ಕಟ್ಟಬೇಡಿ. ‘ಜಾಲಿಸು’ ಇದೆ.

ಮರು 3:
ಸುಮ್ನೆ ‘ಫಾಸಿಲ್’ ಅಂತ ಬರೆಯಿರಿ. ಆ ಪ್ರಾಣಿಗಳ ಹೆಸರೆಲ್ಲ ಗ್ರೀಕು, ಲ್ಯಾಟಿನ್ನು. ಡೆಕ್ಕನೋಲೆಸ್ಟಿಸ್ ಅನ್ನೋದನ್ನು ಏನು ಮಾಡುತ್ತೀರಿ, ‘ದಖ್ಖನ್ ಕಳ್ಳ’ ಅಂತೀರಾ?

ಮರು 2ರವರಿಂದಲೇ:
ಖಂಡಿತ ಅನ್ನಲ್ಲ. 1988ರಲ್ಲಿ ಪಳೆಯುಳಿಕೆ ವಿಜ್ಞಾನಿಗಳಾದ ಜಿ.ವಿ.ಆರ್. ಪ್ರಸಾದ್ ಮತ್ತು ಅಶೋಕ್ ಸಾಹ್ನಿ ಇಟ್ಟ ಹೆಸರು ಅದು. ಈಗಿನ ತೆಲಂಗಾಣದ ನಸ್ಕಲ್‌ನಲ್ಲಿ, ದಖ್ಖನ್ನಿನ ಲಾವಾ ಪದರಗಳ ನಡುವಿನ ಮಣ್ಣಿನಲ್ಲಿ ಸಿಕ್ಕ ಹಲ್ಲುಗಳು. ಭಾರತದಲ್ಲಿ ಕ್ರಿಟೇಷಿಯಸ್ (ಡೈನೋಸಾರ್‌ಗಳಿದ್ದ ಕೊನೆಯ ಯುಗ) ಕಾಲದ ಸಸ್ತನಿ ಸಿಕ್ಕಿದ್ದು ಅದೇ ಮೊದಲು. ಗ್ರೀಕಿನ ‘ಲೆಸ್ಟಿಸ್’ ಅಂದರೆ ದರೋಡೆಕೋರ. ‘ಡೆಕ್ಕನ್’ ನಮ್ಮ ದಕ್ಷಿಣವೇ, ಪ್ರಾಕೃತದ ದಕ್ಖಿಣದ ದಾರಿಯಲ್ಲಿ ಅಲ್ಲಿಗೆ ಹೋದದ್ದು. ಹೆಸರನ್ನು ಹಾಗೇ ಕನ್ನಡ ಲಿಪಿಯಲ್ಲಿ ಬರೆಯುತ್ತೇವೆ. ಪದದ ಮಾತು ಬೇರೆ. ‘ಫಾಸಿಲ್’ನ ಲ್ಯಾಟಿನ್ ಮೂಲಕ್ಕೆ ‘ಅಗೆದು ತೆಗೆದದ್ದು’ ಅಂತಷ್ಟೇ ಅರ್ಥ. 16ನೇ ಶತಮಾನದಲ್ಲಿ ಅದಿರು, ಹರಳುಗಳನ್ನೂ ಹಾಗೇ ಕರೆಯುತ್ತಿದ್ದರು. ಹಳೆಯದು, ಉಳಿದದ್ದು ಎಂಬ ಎರಡೂ ಅರ್ಥ ನಮ್ಮ ಪದದಲ್ಲಿವೆ. ಹೆಚ್ಚು ಹೇಳುವ ಪದ ಕೈಯಲ್ಲಿರುವಾಗ ಕಡಿಮೆ ಹೇಳುವುದನ್ನು ಎರವಲು ತರುವುದೇಕೆ?

ಮರು 1ರವರಿಂದ:
ಹಾಲೂಡಿ ಬಿಟ್ಟಿದ್ದು ತಪ್ಪು, ಅದು ಹಾಗಿರಲಿ. ‘ಜಾಲಿಸು’ ಮಾತ್ರ ಇಲ್ಲಿ ಸಲ್ಲದು. ಅಕ್ಕಿಯನ್ನು ನೀರಲ್ಲಿ ಜಾಲಿಸುವಾಗ ಕಲ್ಲು ತಳಕ್ಕೆ ಕೂರುವುದು ತೂಕದಿಂದ. ಇಲ್ಲಿ ಬೇರೆ ಮಾಡುವುದು ಜರಡಿಯ ಕಣ್ಣು.

ಮರು 2ರವರಿಂದ:
ಹೌದು, ಈ ಮಾತು ಸರಿ. ‘ಜಾಲಿಸು’ ವಾಪಸ್ ತೆಗೆದುಕೊಂಡೆ. ‘ಜರಡಿಯಲ್ಲಿ ತೊಳೆದು ಸೋಸುವುದು’ ಅಂತ ಬಿಡಿಸಿ ಬರೆಯಿರಿ.

ಪ್ರಶ್ನೆ ಕೇಳಿದವರಿಂದ:
ಇಬ್ಬರಿಗೂ ಧನ್ಯವಾದ. ಫಲಕಕ್ಕೆ ಹೋಗುತ್ತಿರುವುದು ಇದು: ‘ಪುಟ್ಟ ಸಸ್ತನಿಗಳ ಪಳೆಯುಳಿಕೆ: ಮಣ್ಣನ್ನು ಜರಡಿಯಲ್ಲಿ ತೊಳೆದು ಸೋಸಿ, ಹಲ್ಲುಗಳನ್ನು ಒಂದೊಂದಾಗಿ ಆರಿಸುತ್ತಾರೆ.’ ಪಕಾರ ಹಾಗೇ ಇದೆ.